ಕಡಲಗೋಡೆಯ ಮೇಲೆ ಬ್ಯಾಟರಿ ಸೈಕಲ್

ಶನಿವಾರ ಬೆಳಿಗ್ಗೆ ಏಳಕ್ಕೆ ನಾನು ಸೈಕಲ್ ಹೊರಗೆ ತೆಗೆಯುವಾಗ ಕಾರವಾರದಲ್ಲಿ ಸಂಜೆ ಏಳೂವರೆ. ದೇವರಿಗೆ ದೀಪ ಹಚ್ಚಿ ಆಯಿ ಫೋನ್ ಮಾಡುತ್ತಾಳೆ. ಪಕ್ಕದಲ್ಲಿ ಅಜ್ಜಿ ಕೂತಿರುತ್ತಾಳೆ. "ಇವತ್ತು ಸವಾರಿ ಎಲ್ಲಿಗೆ?" ಎಂದು ಆಯಿ ಕೇಳುತ್ತಾಳೆ. "ಅಲ್ಲಿ ಸಮುದ್ರ ಎಷ್ಟು ದೂರ?" ಎಂದು ಅಜ್ಜಿ. ಪ್ರತಿ ವಾರ ಇದೇ ಪ್ರಶ್ನೆ. ಕೆನಡಾದ ವ್ಯಾಂಕೂವರ್‌ನಲ್ಲಿರುವ ನನ್ನ ಮನೆಯಿಂದ ಸಮುದ್ರಕ್ಕೆ ಸೈಕಲ್‌ನಲ್ಲಿ ಹತ್ತೇ ನಿಮಿಷ. ಅದು ಗೊತ್ತಾಗುವುದಕ್ಕೆ ಮಾತ್ರ ನನಗೆ ಮೂರು ವರ್ಷ ಹಿಡಿಯಿತು.

ಬಂದ ಹೊಸತರಲ್ಲಿ ಆಫೀಸಿಗೆ ರೈಲಲ್ಲಿ ಹೋಗಿ ರೈಲಲ್ಲೇ ಬರುತ್ತಿದ್ದೆ. ಊರು ಅಂದರೆ ನನ್ನ ಪಾಲಿಗೆ ಒಂದಷ್ಟು ಸ್ಟೇಷನ್‌ಗಳ ಹೆಸರು, ಅಷ್ಟೇ. ಆಮೇಲೆ ಬಳಸಿದ ಎಲೆಕ್ಟ್ರಿಕ್ ಸೈಕಲ್ ಒಂದು ಒಳ್ಳೆಯ ಬೆಲೆಗೆ ಸಿಕ್ಕಿತು. ಊರಲ್ಲಿ ಇದನ್ನು ಹೇಳಿದರೆ ಎಲ್ಲರೂ ಸ್ಕೂಟರ್ ಎಂದುಕೊಳ್ಳುತ್ತಾರೆ. ಅಲ್ಲ. ಪೆಡಲ್ ತುಳಿಯಲೇಬೇಕು. ನಾವು ತುಳಿದಾಗ ಮೋಟರ್ ಹಿಂದಿನಿಂದ ಕೈಯಿಟ್ಟು ತಳ್ಳುತ್ತದೆ. ಚಿಕ್ಕಂದಿನಲ್ಲಿ ಏರು ಬಂದರೆ ಅಪ್ಪ ಸೀಟು ಹಿಡಿದು ನೂಕುತ್ತಿದ್ದರಲ್ಲ, ಹಾಗೆ. ಇಲ್ಲಿ ಮೋಟರ್ 500 ವ್ಯಾಟ್ ದಾಟುವಂತಿಲ್ಲ, ಗಂಟೆಗೆ 32 ಕಿ.ಮೀ. ಆದಮೇಲೆ ಅದು ತಳ್ಳುವಂತಿಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಹೆಲ್ಮೆಟ್ ಮಾತ್ರ ಕಡ್ಡಾಯ. ನಮ್ಮ ದೇಶದಲ್ಲೂ 250 ವ್ಯಾಟ್ ಮತ್ತು 25 ಕಿ.ಮೀ. ಒಳಗಿದ್ದರೆ ನೋಂದಣಿ ಬೇಡ. ಕಾರವಾರದ ಮಟ್ಟಸ ರಸ್ತೆಗಳಿಗೆ ಅಷ್ಟು ಧಾರಾಳ ಸಾಕು.

ಇದರ ದೊಡ್ಡ ಸುಖ ವೇಗ ಅಲ್ಲ. ಎಲ್ಲಿ ಬೇಕಾದರೂ ನಿಲ್ಲಬಹುದು, ಅದು. ಏರಿನ ಹೆದರಿಕೆ ಇಲ್ಲದ ಕಾರಣ ಗೊತ್ತಿಲ್ಲದ ದಾರಿಗೂ ಸುಮ್ನೆ ತಿರುಗಿಬಿಡುತ್ತೇನೆ. ಒಂದು ಕಲ್ಲು, ಒಂದು ಶಿಲ್ಪ, ಒಂದು ಫಲಕ ಕಣ್ಣಿಗೆ ಬಿದ್ದರೆ ಕಾಲು ಕೆಳಗಿಟ್ಟರಾಯಿತು.

ನನ್ನ ಸವಾರಿ ಶುರುವಾಗುವುದು ಬಂದರಿನ ಕಡೆಯಿಂದ. ಅಲ್ಲಿ ಕಪ್ಪು ಬಿಳಿ ಚೌಕಗಳನ್ನು ಪೇರಿಸಿ ಮಾಡಿದ ತಿಮಿಂಗಿಲವೊಂದು ನೀರಿನಿಂದ ಜಿಗಿದಂತೆ ನಿಂತಿದೆ. ಡಗ್ಲಸ್ ಕೂಪ್ಲಂಡ್ 2009ರಲ್ಲಿ ಮಾಡಿದ್ದು. ಪ್ರವಾಸಿಗರೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ನಿಲ್ಲುವುದು ಇನ್ನೂ ಸ್ವಲ್ಪ ಮುಂದೆ, ಕೋಲ್ ಹಾರ್ಬರ್‌ನ ಉದ್ಯಾನದಲ್ಲಿ. ಅಲ್ಲಿ ಕೋಮಗಾಟ ಮಾರು ಹಡಗಿನ ಸ್ಮಾರಕವಿದೆ.

1914ರ ಮೇ 23ರಂದು ಆ ಹಡಗು 376 ಪ್ರಯಾಣಿಕರನ್ನು ಹೊತ್ತು ಇದೇ ಕೊಲ್ಲಿಗೆ ಬಂತು. ಹೆಚ್ಚಿನವರು ಪಂಜಾಬಿನವರು. ಬೆರಳೆಣಿಕೆಯ ಜನರನ್ನು ಬಿಟ್ಟರೆ ಯಾರಿಗೂ ಇಳಿಯಲು ಬಿಡಲಿಲ್ಲ. ಎರಡು ತಿಂಗಳು ದಡ ನೋಡುತ್ತ ನೀರಿನ ಮೇಲೇ ಕಳೆದರು. ಜುಲೈ 23ಕ್ಕೆ ಹಡಗನ್ನು ವಾಪಸ್ ಕಳಿಸಿದರು. ಕೋಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದಾಗ ಗುಂಡು ಹಾರಿತು, ಜನ ಸತ್ತರು. ಸ್ಮಾರಕದ ಮೇಲೆ ಆ ಪ್ರಯಾಣಿಕರ ಹೆಸರುಗಳಿವೆ. ಮೊದಲ ಸಲ ನೋಡಿದಾಗ ಒಂದೊಂದನ್ನೂ ಬೆರಳಿಟ್ಟು ಓದುತ್ತ ಹೋದೆ. ವೀಸಾ, ಪರ್ಮಿಟ್ ಎಂದು ನಾನೂ ವರ್ಷಗಟ್ಟಲೆ ಕಾದವಳು. ಆದರೆ ನಾನು ಕಾದದ್ದು ಫ್ಯಾನಿನ ಕೆಳಗೆ ಕೂತು. ಅವರಿಗೆ ಕುಡಿಯುವ ನೀರಿಗೂ ತತ್ವಾರ.

ಕಾರವಾರದವರಿಗೆ ಇಲ್ಲೊಂದು ನಂಟೂ ಇದೆ. ನಮ್ಮ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ ಅಲ್ವಾ? ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ದರು. ಅದೇ ಟಾಗೋರರು ಕೆನಡಾದಿಂದ ಮೊದಲು ಬಂದ ಕರೆಯನ್ನು ಒಪ್ಪಲಿಲ್ಲ. ತಮ್ಮ ನಾಡಿನವರನ್ನು ಇಲ್ಲಿ ನಡೆಸಿಕೊಂಡ ರೀತಿ ಅವರಿಗೆ ನೋವು ತಂದಿತ್ತು. ಕೊನೆಗೆ ವ್ಯಾಂಕೂವರ್‌ಗೆ ಬಂದದ್ದು 1929ರಲ್ಲಿ. ಸ್ಮಾರಕದ ಹತ್ತಿರ ನಿಂತಾಗೆಲ್ಲ ನಮ್ಮ ಬೀಚಿನ ಗಾಳಿಮರಗಳ ಸದ್ದು ಕಿವಿಯಲ್ಲಿ ಬರುತ್ತದೆ.

ಅಲ್ಲಿಂದ ಮುಂದೆ ಸ್ಟ್ಯಾನ್ಲಿ ಪಾರ್ಕ್. ಪಾರ್ಕ್ ಅಂದರೆ ನಮ್ಮ ಕಣ್ಣಿಗೆ ಬೆಂಚು, ಜಾರುಬಂಡೆ. ಇದು 400 ಹೆಕ್ಟೇರಿನ ಕಾಡು. ಮೂರು ದಿಕ್ಕಿಗೂ ನೀರು, ಅದರ ಅಂಚಿಗೆ ಸುಮಾರು 9 ಕಿ.ಮೀ. ಕಲ್ಲಿನ ಗೋಡೆ, ಗೋಡೆಯ ತಲೆಯ ಮೇಲೆ ದಾರಿ. ಇವರು ಅದನ್ನು ಸೀವಾಲ್ ಅನ್ನುತ್ತಾರೆ. ಸೈಕಲ್ ಒಂದೇ ದಿಕ್ಕಿಗೆ ಹೋಗಬೇಕು. ಮಿತಿ ಗಂಟೆಗೆ 15 ಕಿ.ಮೀ. ನನ್ನ ಮೋಟರ್ ಇಲ್ಲಿ ಅರೆನಿದ್ದೆಯಲ್ಲಿರುತ್ತದೆ.

ಈ ಗೋಡೆ ಕಟ್ಟಲು ಶುರುಮಾಡಿದ್ದು 1917ರಲ್ಲಿ, ಮುಗಿದದ್ದು 1971ರಲ್ಲಿ. ಜೇಮ್ಸ್ ಕನಿಂಗ್‌ಹ್ಯಾಮ್ ಎಂಬ ಕಲ್ಲುಕುಟಿಗ 32 ವರ್ಷ ಇದರ ಕೆಲಸ ನೋಡಿಕೊಂಡ. 1963ರಲ್ಲಿ ತೀರಿಕೊಂಡ, ಗೋಡೆ ಮುಗಿದದ್ದನ್ನು ನೋಡಲಿಲ್ಲ. ಸಿವಾಶ್ ಬಂಡೆಯ ಹತ್ತಿರ ಅವನ ಹೆಸರಿನ ಫಲಕವಿದೆ. ಒಬ್ಬ ಮಂತ್ರಿಯ ಹೆಸರಲ್ಲ, ಕಲ್ಲು ಕೂರಿಸಿದವನ ಹೆಸರು! ಗೋಡೆ ಕಟ್ಟಿದ್ದು ಅಲೆಯ ಹೊಡೆತಕ್ಕೆ ದಡ ಕೊರೆಯದಿರಲಿ ಎಂದು. ನಮ್ಮಲ್ಲೂ ಕಡಲಕೊರೆತಕ್ಕೆ ಬಂಡೆ ತಂದು ಹಾಕುತ್ತಾರೆ. ಆ ಬಂಡೆಗಳ ಮೇಲೆ ಕಾಲಿಡಲು ಆಗುವುದಿಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಸುತ್ತುಹಾಕಿ ಹೋಗಬೇಕು. ಅದೇ ಕಲ್ಲನ್ನು ನಾಲ್ಕಡಿ ಮಟ್ಟಸ ಮಾಡಿ ಕೂರಿಸಿದರೆ ಅದೇ ಒಂದು ದಾರಿ ಎಂದು ಇಲ್ಲಿ ಓಡಾಡಿದ ಮೇಲೇ ನನಗೆ ಹೊಳೆದದ್ದು.

ಬ್ರಾಕ್ಟನ್ ಪಾಯಿಂಟ್‌ನಲ್ಲಿ ಟೋಟೆಮ್ ಕಂಬಗಳಿವೆ. ಕೆಂಪು ಸೀಡರ್ ಮರದ ಇಡೀ ಕಾಂಡವನ್ನು ಕೆತ್ತಿ, ಗರುಡ, ಕರಡಿ, ತಿಮಿಂಗಿಲ ಒಂದರ ಮೇಲೊಂದು ಕೂರಿಸಿದ್ದಾರೆ. ನಮ್ಮ ಗರುಡಗಂಬದ ಹಾಗೆ ಇವು ಪೂಜೆಗಲ್ಲ. ಒಂದು ಮನೆತನದ ಕಥೆ ಹೇಳಲು ನಿಲ್ಲಿಸಿದ್ದು. ಬಹಳಷ್ಟು ಕಂಬಗಳು ದೂರದ ಕರಾವಳಿಯಿಂದ ಬಂದವು. ಈ ನೆಲದ ಮೂಲನಿವಾಸಿಗಳ ಕೆಲಸ ಇಲ್ಲಿ ನಿಂತದ್ದು ತೀರಾ ತಡವಾಗಿ. ಮಸ್ಕ್ವಿಯಮ್ ಜನಾಂಗದ ಸೂಸನ್ ಪಾಯಿಂಟ್ ಎಂಬ ಕಲಾವಿದೆ ಕೆತ್ತಿದ ಮೂರು ಹೆಬ್ಬಾಗಿಲುಗಳು 2008ರಲ್ಲಿ ಬಂದವು. ಮರುವರ್ಷ ಸ್ಕ್ವಾಮಿಶ್ ಜನಾಂಗದ ರಾಬರ್ಟ್ ಯೆಲ್ಟನ್ ಒಂದು ಕಂಬ ಕೆತ್ತಿದರು. ಅದು ಅವರ ತಾಯಿ ರೋಸ್ ಕೋಲ್ ಯೆಲ್ಟನ್ ನೆನಪಿಗೆ. ಆಕೆ ಇದೇ ಪಾರ್ಕಿನಲ್ಲಿ ಮನೆ ಮಾಡಿ ಬಾಳಿದವರು.

ಹೌದು, ಈ ಪಾರ್ಕಿನಲ್ಲಿ ಮನೆಗಳಿದ್ದವು. ಹ್ವೈಹ್ವೈ ಎಂಬ ಇಡೀ ಹಳ್ಳಿಯೇ ಇತ್ತು. ಪಾರ್ಕ್ ತೆರೆದದ್ದು 1888ರಲ್ಲಿ. ಆಗ ಸುತ್ತುರಸ್ತೆ ಮಾಡಲು ಹಳ್ಳಿಯ ನಡುವೆಯೇ ಅಗೆದರು. ತಲೆತಲಾಂತರದಿಂದ ಜನ ತಿಂದು ಹಾಕಿದ ಚಿಪ್ಪಿನ ರಾಶಿ ಅಲ್ಲಿತ್ತು. ಆ ಚಿಪ್ಪನ್ನೇ ತೆಗೆದು ರಸ್ತೆಗೆ ಹಾಸಿದರು. ಉಳಿದ ಮನೆಯವರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿದರು.

ಇದನ್ನು ತಿಳಿದ ದಿನ ಸೈಕಲ್‌ಗೆ ಒರಗಿ ತುಂಬಾ ಹೊತ್ತು ನಿಂತಿದ್ದೆ. ನಮ್ಮ ಅಜ್ಜಿ ಮದುವೆಯಾಗಿ ಬಂದ ಊರೂ ಈಗ ಇಲ್ಲ. ದೊಡ್ಡ ಯೋಜನೆಯೊಂದಕ್ಕೆ ಜಾಗ ಬಿಟ್ಟುಕೊಟ್ಟು ಕಾಲೊನಿಗೆ ಬಂದವರು ನಾವು. ಆ ಊರಲ್ಲಿ ಮನೆಯೆದುರು ಗದ್ದೆ, ಗದ್ದೆ ದಾಟಿದರೆ ಸಮುದ್ರ. ನೀರು ಇಳಿದಾಗ ಅಜ್ಜಿ ಬಗ್ಗಿ ಬಗ್ಗಿ ಚಿಪ್ಪಿ ಆರಿಸುತ್ತಿದ್ದಳಂತೆ. ಕಾಲೊನಿಯಿಂದ ಸಮುದ್ರಕ್ಕೆ ಹೋಗಲು ರಿಕ್ಷಾ ಬೇಕು. ಬಸ್ಸಿನ ಕಂಡಕ್ಟರ್ ಆ ಊರಿನ ಹೆಸರು ಕೂಗುವುದು ನಿಂತು ಎಷ್ಟೋ ವರ್ಷವಾಯಿತು. ರೋಸ್ ಅವರ ಕಂಬದ ಮುಂದೆ ನಿಂತಾಗ ಒಂದೇ ಒಂದು ಆಸೆ ಬಂತು. ಅಜ್ಜಿಯ ಊರಿನ ಹೆಸರು ಕೆತ್ತಿದ ಒಂದು ಕಲ್ಲು, ಹೆದ್ದಾರಿಯ ಬದಿಗೆ.

ಪಾರ್ಕಿನ ಒಳರಸ್ತೆಯಲ್ಲಿ ಪ್ರಾಸ್ಪೆಕ್ಟ್ ಪಾಯಿಂಟ್‌ವರೆಗೆ ದೊಡ್ಡ ಏರು. ಹೋದ ಡಿಸೆಂಬರ್‌ನಲ್ಲಿ ಅರ್ಧ ಏರಿನಲ್ಲಿ ನನ್ನ ಬ್ಯಾಟರಿ ಕೈಕೊಟ್ಟಿತು. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ. ಈಗ ರಾತ್ರಿ ಅದನ್ನು ಬಿಚ್ಚಿ ಮನೆಯೊಳಗೆ ಬೆಚ್ಚಗೆ ಇಡುತ್ತೇನೆ. ಆವತ್ತು ಮಳೆಯಲ್ಲಿ 25 ಕೆ.ಜಿ. ಸೈಕಲ್ ತಳ್ಳಿಕೊಂಡು ಹತ್ತಿದೆ. ನಿಧಾನವಾಗಿ ನಡೆದದ್ದಕ್ಕೇ ಕಾಡು ಕಂಡಿತು. ಬಿದ್ದ ಮರದ ಬೆನ್ನ ಮೇಲೆ ಸಾಲಾಗಿ ಹೊಸ ಸಸಿಗಳು ಬೇರಿಳಿಸಿದ್ದವು. ನೂರು ವರ್ಷಕ್ಕೂ ಹಳೆಯ ಬೊಡ್ಡೆಗಳಲ್ಲಿ ಎರಡು ಕಣ್ಣಿನಂಥ ಗುಳಿಗಳಿದ್ದವು. ಮರ ಕಡಿಯುವವರು ಹಲಗೆ ಸಿಕ್ಕಿಸಿ ಮೇಲೆ ನಿಲ್ಲಲು ಮಾಡಿದ ಕಚ್ಚುಗಳು ಅವು.

ಏರು ದಾಟಿದರೆ ಟೊಳ್ಳುಮರ. ಏಳೆಂಟು ನೂರು ವರ್ಷದ ಸೀಡರ್. 2006ರ ಡಿಸೆಂಬರ್ ಬಿರುಗಾಳಿ ಈ ಪಾರ್ಕಿನ ಸುಮಾರು 10,000 ಮರ ಕೆಡವಿತು. ಈ ಮರವೂ ವಾಲಿತು. ಕಡಿದುಹಾಕುವ ತೀರ್ಮಾನವೇ ಆಗಿತ್ತು. ಊರಿನವರು ಬಿಡಲಿಲ್ಲ. ಹಣ ಕೂಡಿಸಿ, ಒಳಗೆ ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಿದರು. ಅದು ಸತ್ತ ಮರ. ಆದರೂ ಬಿಡಲಿಲ್ಲ. ಶಿರಸಿ ಕಡೆಯವರಿಗೆ ಈ ಹಟ ಅರ್ಥವಾಗುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯವರು ಮರ ಅಪ್ಪಿ ನಿಂತವರಲ್ಲವೇ.

ಇಂಗ್ಲಿಷ್ ಬೇ ತಲುಪಿದರೆ ಬಾಯ್ತುಂಬ ನಗುವ 14 ಕಂಚಿನ ಮನುಷ್ಯರು, ಚೀನಾದ ಯೂ ಮಿಂಜುನ್ ಮಾಡಿದ್ದು. ಮಕ್ಕಳು ಅವರ ಕಾಲ ಸಂದಿಯಲ್ಲೇ ಆಡುತ್ತಿರುತ್ತಾರೆ. ಗ್ರಾನ್ವಿಲ್ ಐಲ್ಯಾಂಡ್‌ನಲ್ಲಿ ಕೆಲಸ ನಡೆಯುತ್ತಿರುವ ಕಾಂಕ್ರೀಟ್ ಕಾರ್ಖಾನೆಯ ಆರು ಗೋಪುರಗಳ ಮೇಲೆ ಬ್ರೆಜಿಲ್‌ನ ಅವಳಿ ಸೋದರರು ಆರು ದೈತ್ಯರನ್ನು ಬರೆದಿದ್ದಾರೆ. ಅದನ್ನು ನೋಡಿದಾಗ ಬೈತಖೋಲ್ ಬಂದರಿನ ಮಂಜುಗಡ್ಡೆ ಕಾರ್ಖಾನೆ ಗೋಡೆಗಳು ನೆನಪಾದವು.

ಜನವರಿಯಲ್ಲಿ ರಜೆಗೆ ಬಂದಾಗ ತಂಗಿಯ ಸೈಕಲ್ ತೆಗೆದುಕೊಂಡು ಕೋಡಿಬಾಗದಿಂದ ಬೈತಖೋಲ್‌ವರೆಗೆ ಹೋದೆ. ಒಂದು ಕಡೆ ಕಾಳಿ ಸಮುದ್ರ ಸೇರುವ ಜಾಗ, ಆಚೆ ದಡದಲ್ಲಿ ಸದಾಶಿವಗಡ. ಟಾಗೋರ್ ತೀರದಲ್ಲಿ ಮರಳ ಮೇಲೆ ಚಪಲ್ ಯುದ್ಧನೌಕೆ. ಬೆಟ್ಟ, ನದಿ, ಕಡಲು ಇಷ್ಟು ಹತ್ತಿರ ಹತ್ತಿರ ಇರುವ ಊರನ್ನು ನಾನು ಬೇರೆ ಕಂಡಿಲ್ಲ. ತಂಗಿಗೆ ಹೇಳಿದೆ, ಅಂಕೋಲಾದ ಹೊನ್ನಳ್ಳಿಯವರೆಗೆ ಒಂದು ಸೈಕಲ್ ಹಾದಿ ಇರಬೇಕು, ತುಳಸಿ ಗೌಡರು ಬೆಳೆಸಿದ ಮರಗಳ ಬುಡದಲ್ಲಿ ಅವರ ಹೆಸರಿರಬೇಕು ಎಂದು. "ಮೊದಲು ಹೆದ್ದಾರಿ ದಾಟಲು ದಾರಿ ಮಾಡಿಸು" ಎಂದಳು. ಅವಳು ಹೇಳಿದ್ದೂ ನಿಜ. ಸೈಕಲ್ ಹಿಡಿದು ಆ ರಸ್ತೆ ದಾಟಲು ನಾವು ಐದು ನಿಮಿಷ ಕಾದೆವು.

ಹೋದ ಶನಿವಾರ ಬ್ರಾಕ್ಟನ್ ಪಾಯಿಂಟ್‌ನಲ್ಲಿ ನಿಂತೇ ವಿಡಿಯೊ ಕಾಲ್ ಮಾಡಿದೆ. ರೋಸ್ ಅವರ ಕಂಬ ತೋರಿಸಿ ಅಜ್ಜಿಗೆ ಕಥೆ ಹೇಳಿದೆ. ಅವಳು ಏನೂ ಹೇಳಲಿಲ್ಲ. "ಆ ಕಡೆ ತಿರುಗಿಸು" ಎಂದಳು. ಫೋನನ್ನು ಸಮುದ್ರದ ಕಡೆ ತಿರುಗಿಸಿದೆ. ಗೋಡೆಯ ಕೆಳಗೆ ಕಲ್ಲುಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಕಣ್ಣು ಕಿರಿದು ಮಾಡಿ ನೋಡಿದಳು.

"ಭರ್ತಿಯೋ, ಸುಕ್ತಿಯೋ?"

"ಸುಕ್ತಿ ಅಜ್ಜಿ. ನೀರು ಇಳೀತಾ ಇದೆ."

"ಹಾಗಾದ್ರೆ ಕೆಳಗೆ ಇಳಿ ಮಗಾ. ಕಲ್ಲಿನ ಸಂದಿಯಲ್ಲಿ ಚಿಪ್ಪಿ ಇರ್ತದೆ."

ಈ ಕೊಲ್ಲಿಯ ಚಿಪ್ಪಿ ಆರಿಸುವುದಕ್ಕೆ ನಿಷೇಧವಿದೆ. ಅದನ್ನು ಹೇಳಲು ಮನಸ್ಸಾಗಲಿಲ್ಲ. ಸೈಕಲ್ ನಿಲ್ಲಿಸಿ, ಫೋನ್ ಹಿಡಿದುಕೊಂಡೇ ಮೆಟ್ಟಿಲಿಳಿದೆ. ಅಲ್ಲಿ ಬಗ್ಗು, ಇಲ್ಲಿ ನೋಡು ಎಂದು ಅಜ್ಜಿ ಕಾರವಾರದಿಂದ ಹೇಳುತ್ತಲೇ ಇದ್ದಳು.