ಗಣ್ಯರ ಕೂಟಗಳ ನಕ್ಷೆ: ವರ್ಷದ ಪ್ರಕಾರ ಜೋಡಿಸಿದಾಗ ಕಂಡಿದ್ದು

ಗೋಡೆ ಮೇಲಿನ ನಕ್ಷೆ ಈಗ ಒಂದು ಹಂತಕ್ಕೆ ಬಂದಿದೆ. ಹೊಸಬರಿಗಾಗಿ ಎರಡು ಮಾತು. ಬಾಗಿಲು ಮುಚ್ಚಿಕೊಂಡು ಸೇರುವ ಗಣ್ಯರ ಕೂಟಗಳು ದೇಶಗಳ ನಡುವಿನ ಮೈತ್ರಿಯನ್ನು ನಿಜಕ್ಕೂ ಎಷ್ಟು ಬದಲಿಸಿವೆ ಅನ್ನೋದನ್ನು ಚುಕ್ಕೆ, ಗೆರೆಗಳಲ್ಲಿ ಬಿಡಿಸುವುದು ನನ್ನ ಹವ್ಯಾಸ. ಓದುವುದು ಹೆಚ್ಚಾಗಿ ಬಸವನಗುಡಿಯ ವರ್ಲ್ಡ್ ಕಲ್ಚರ್ ಲೈಬ್ರರಿಯಲ್ಲಿ. ಬಿಡಿಸುವುದು ರಾಜಾಜಿನಗರದ ನಮ್ಮ ಮನೆಯ ಹಾಲ್‌ನಲ್ಲಿ. ಹಳೇ ಪುಸ್ತಕಗಳಿಗೆ ಅವೆನ್ಯೂ ರೋಡ್ ಇದ್ದೇ ಇದೆ.

ಗೆರೆ ಎಳೆಯೋದಕ್ಕೆ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಒಬ್ಬರು ಆ ಕೂಟದಲ್ಲಿದ್ದರು ಅನ್ನೋದಕ್ಕೆ ಬಹಿರಂಗ ದಾಖಲೆ ಇರಬೇಕು. ಇಬ್ಬರು ಒಂದೇ ಸಭೆಯಲ್ಲಿ ಕೂತಿದ್ದರು ಅಂದರೆ ಪೆನ್ಸಿಲ್ ಗೆರೆ, ಅಷ್ಟೇ. ಅಲ್ಲಿಂದ ಒಂದು ಸರ್ಕಾರಕ್ಕೆ ಸಂದೇಶ ಹೋಗಿದ್ದರೆ ನೀಲಿ. ಕೂಟದಲ್ಲಿದ್ದವರೇ ಮುಂದೆ ಅಧಿಕಾರಕ್ಕೆ ಬಂದಿದ್ದರೆ ಕೆಂಪು. 'ನಾಲ್ಕು ಜನ ಸೇರಿ ಜಗತ್ತನ್ನೇ ಆಳ್ತಾರೆ' ಅನ್ನುವ ವಾಟ್ಸಾಪ್ ಮಾತುಗಳು ಪೆನ್ಸಿಲ್ ಗೆರೆಗೂ ನಿಲ್ಲುವುದಿಲ್ಲ. 'ಸುಮ್ನೆ ಊಟ ಮಾಡಿ ಹೋಗ್ತಾರೆ ಬಿಡ್ರೀ' ಅನ್ನುವವರ ಮಾತೂ ನಿಲ್ಲುವುದಿಲ್ಲ. ನಮ್ಮ ಹೆಸರಿನಲ್ಲಿ ಆಗುವ ನಿರ್ಧಾರಗಳು ಎಲ್ಲಿ ಮೊಳಕೆ ಒಡೆದವು ಅಂತ ತಿಳಿಯುವ ಹಕ್ಕು ನಮಗಿದೆ. ಅದಕ್ಕೇ ಈ ಕೆಲಸ ನನಗೆ ಮುಖ್ಯ.

ಈ ಸಲ ಮಾಡಿದ್ದು ಇಷ್ಟು: ಮೊದಲು ದೇಶದ ಪ್ರಕಾರ ಇದ್ದ ಚುಕ್ಕೆಗಳನ್ನೆಲ್ಲ ಕಿತ್ತು ವರ್ಷದ ಪ್ರಕಾರ ಅಂಟಿಸಿದೆ. ಚಿತ್ರವೇ ಬೇರೆಯಾಯಿತು.

ಅಮೆರಿಕ ಮತ್ತು ಪಶ್ಚಿಮ ಯುರೋಪಿನ ಸೇನಾ ಮೈತ್ರಿ ನೇಟೋ ಹುಟ್ಟಿದ್ದು 1949ರಲ್ಲಿ. ಎರಡೂ ಕಡೆಯ ಗಣ್ಯರು ಗುಟ್ಟಾಗಿ ಸೇರುವ ಬಿಲ್ಡರ್‌ಬರ್ಗ್ ಕೂಟದ ಮೊದಲ ಸಭೆ ನಡೆದದ್ದು 1954ರ ಮೇ ಕೊನೆಯಲ್ಲಿ, ನೆದರ್ಲೆಂಡ್ಸಿನ ಊಸ್ಟರ್‌ಬೇಕ್‌ನಲ್ಲಿ. ಅಂದರೆ ಮೈತ್ರಿ ಮೊದಲು, ಕೂಟ ಆಮೇಲೆ. ಆ ಹೊತ್ತಿಗೆ ಅಮೆರಿಕ ಮತ್ತು ಯುರೋಪ್ ನಡುವೆ ಅನುಮಾನ ಬೆಳೆದಿತ್ತು. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆಗೆ ಇಳಿದಿದ್ದ ಸೆನೆಟರ್ ಮೆಕಾರ್ಥಿಯ ಅಬ್ಬರ. ಯುರೋಪಿಗೆ ಒಂದೇ ಸೇನೆ ಅನ್ನುವ ಯೋಜನೆ ಆ ವರ್ಷದ ಆಗಸ್ಟ್‌ನಲ್ಲಿ ಫ್ರಾನ್ಸಿನ ಸಂಸತ್ತಿನಲ್ಲಿ ಬಿದ್ದೇಹೋಯಿತು. ಪೋಲೆಂಡಿನ ಯೂಸೆಫ್ ರೆಟಿಂಗರ್ ಓಡಾಡಿ ಕೂಟ ಕಟ್ಟಿದ್ದು ಇಂಥ ಹೊತ್ತಿನಲ್ಲಿ.

ಟ್ರೈಲ್ಯಾಟರಲ್ ಕಮಿಷನ್ ಕಥೆಯೂ ಹೀಗೇ. ಜಪಾನ್ ಮತ್ತು ಅಮೆರಿಕದ ಭದ್ರತಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1951ರಲ್ಲಿ. 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಗೆ ಹೋಗುವುದಾಗಿ ದಿಢೀರನೆ ಹೇಳಿದರು. ಮರು ತಿಂಗಳೇ ಡಾಲರ್ ಮತ್ತು ಚಿನ್ನದ ನಂಟು ಕಡಿದರು. ಜಪಾನಿಗೆ ದೊಡ್ಡ ಏಟು. ಎರಡು ವರ್ಷ ಆದ ಮೇಲೆ, 1973ರಲ್ಲಿ, ಅಮೆರಿಕದ ಬ್ಯಾಂಕರ್ ಡೇವಿಡ್ ರಾಕ್‌ಫೆಲರ್ ಈ ಕಮಿಷನ್ ಕಟ್ಟಿ ಅಮೆರಿಕ, ಯುರೋಪ್, ಜಪಾನ್ ಮೂರು ಕಡೆಯ ಗಣ್ಯರನ್ನೂ ಒಂದೇ ಮೇಜಿಗೆ ಕೂರಿಸಿದರು. ಬಿರುಕು ಬಿಟ್ಟ ಮೈತ್ರಿಗೆ ಗಾರೆ ಮೆತ್ತುವವರು ಇವರು ಅನ್ನೋದು ನನ್ನ ಈಗಿನ ತೀರ್ಮಾನ.

ನಕ್ಷೆಯಲ್ಲಿ ಕೆಂಪು ಜಾಸ್ತಿ ಇರುವುದೂ ಇಲ್ಲೇ. ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜಿಮ್ಮಿ ಕಾರ್ಟರ್ ಈ ಕಮಿಷನ್ ಸದಸ್ಯರಾಗಿದ್ದರು. 1977ರಲ್ಲಿ ಅಧ್ಯಕ್ಷರಾದಾಗ ಉಪಾಧ್ಯಕ್ಷ ಮಾಂಡೇಲ್, ವಿದೇಶಾಂಗ ನೋಡಿಕೊಂಡ ವ್ಯಾನ್ಸ್, ರಕ್ಷಣೆ ನೋಡಿಕೊಂಡ ಹೆರಾಲ್ಡ್ ಬ್ರೌನ್, ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ, ಎಲ್ಲರೂ ಅದೇ ಕೂಟದವರು. ಕೂಟ ಅವರಿಗೆ ಆದೇಶ ಕೊಟ್ಟಿತು ಅಂತಲ್ಲ. ಕುರ್ಚಿ ಸಿಗುವ ಮೊದಲೇ ಪರಿಚಯ ಬೆಳೆದಿತ್ತು, ಯಾವ ಪ್ರಶ್ನೆ ದೊಡ್ಡದು ಅನ್ನುವುದರಲ್ಲಿ ಒಮ್ಮತ ಇತ್ತು. ಪ್ರಭಾವ ಅಂದರೆ ಹೆಚ್ಚಿನ ಸಲ ಇದೇ, ಅಲ್ವಾ?

ಕಾಲದ ಲೆಕ್ಕಕ್ಕೆ ಒಗ್ಗದ್ದು ವಿದೇಶಾಂಗ ನೀತಿ ಚರ್ಚಿಸುವ ನ್ಯೂಯಾರ್ಕಿನ ಸಂಸ್ಥೆ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್. ಅದು 1921ರದ್ದು. ಎರಡನೇ ಮಹಾಯುದ್ಧ ಶುರುವಾದ 1939ರಿಂದಲೇ ಅಮೆರಿಕದ ವಿದೇಶಾಂಗ ಇಲಾಖೆಗೆ ಯುದ್ಧಾನಂತರದ ಜಗತ್ತಿನ ಬಗ್ಗೆ ವರದಿ ಬರೆದುಕೊಟ್ಟಿತು. ಇದಕ್ಕೆ ಬೇರೆ ಬಣ್ಣ ಕೊಟ್ಟಿದ್ದೇನೆ.

ನೀಲಿ ಗೆರೆಗಳಲ್ಲಿ ನನ್ನನ್ನು ತುಂಬಾ ಹಿಡಿದಿಟ್ಟಿದ್ದು ಪಗ್ವಾಶ್. ಅಣುಬಾಂಬಿನ ವಿರುದ್ಧ ತತ್ವಜ್ಞಾನಿ ರಸೆಲ್, ವಿಜ್ಞಾನಿ ಐನ್‌ಸ್ಟೈನ್ ಹೆಸರಿನಲ್ಲಿ 1955ರಲ್ಲಿ ಹೊರಟ ಪ್ರಣಾಳಿಕೆಯಿಂದ ಹುಟ್ಟಿದ ವಿಜ್ಞಾನಿಗಳ ಕೂಟ ಅದು. ಮೊದಲ ಸಭೆಯನ್ನು ಭಾರತದಲ್ಲೇ ನಡೆಸಿ ಅಂತ ನೆಹರು ಕರೆದಿದ್ದರು. ಈಜಿಪ್ಟಿನ ಸೂಯೆಜ್ ಕಾಲುವೆಯ ಬಿಕ್ಕಟ್ಟು ಅಡ್ಡ ಬಂತು. ಕೊನೆಗೆ 1957ರಲ್ಲಿ ಕೆನಡಾದ ಪಗ್ವಾಶ್ ಅನ್ನುವ ಪುಟ್ಟ ಊರಲ್ಲಿ 22 ಜನ ಸೇರಿದರು.

ಹತ್ತು ವರ್ಷದ ನಂತರ, 1967ರ ಜೂನ್‌ನಲ್ಲಿ, ಪ್ಯಾರಿಸ್‌ನಲ್ಲಿ ಪಗ್ವಾಶ್ ಸಭೆ. ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದ, ಆಗಿನ್ನೂ ಪ್ರೊಫೆಸರ್ ಆಗಿದ್ದ ಕಿಸಿಂಜರ್ ಅಲ್ಲಿ ಫ್ರೆಂಚ್ ವಿಜ್ಞಾನಿ ಮಾರ್ಕೊವಿಚ್ ಜೊತೆ ವಿಯೆಟ್ನಾಂ ವಿಷಯ ಮಾತಾಡುತ್ತಾರೆ. ಮಾರ್ಕೊವಿಚ್ ಗೆಳೆಯ ರೇಮಾನ್ ಓಬ್ರಾಕ್ ಮನೆಯಲ್ಲಿ 1946ರಲ್ಲಿ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಉಳಿದುಕೊಂಡಿದ್ದರು. ಆ ಹಳೇ ಸ್ನೇಹವೇ ದಾರಿಯಾಯಿತು. ಜುಲೈನಲ್ಲಿ ಮಾರ್ಕೊವಿಚ್, ಓಬ್ರಾಕ್ ಇಬ್ಬರೂ ಉತ್ತರ ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಹೋದರು. ಬಾಂಬ್ ಹಾಕುವುದು ನಿಲ್ಲಿಸಿದರೆ ಮಾತುಕತೆಗೆ ಬರ್ತೀರಾ ಅನ್ನುವ ಪ್ರಸ್ತಾಪ ಈ ದಾರಿಯಲ್ಲೇ ಹೋಯಿತು. ಅಮೆರಿಕ ಬಾಂಬ್ ಹಾಕುತ್ತಲೇ ಇತ್ತು. ಅಕ್ಟೋಬರ್‌ನಲ್ಲಿ ದಾರಿ ಮುಚ್ಚಿತು. ಆದರೆ ಸೆಪ್ಟೆಂಬರ್ ಕೊನೆಗೆ ಅಧ್ಯಕ್ಷ ಜಾನ್ಸನ್ ಸ್ಯಾನ್ ಆಂಟೋನಿಯೊ ಭಾಷಣದಲ್ಲಿ ಹೆಚ್ಚುಕಡಿಮೆ ಅದೇ ಪ್ರಸ್ತಾಪವನ್ನು ಬಹಿರಂಗವಾಗಿ ಹೇಳಿದ್ದರು. ಈ ಗೆರೆ ಎಳೆಯುವಾಗ ನನಗೆ ನಿಜವಾಗಿ ಸಂಕಟವಾಯಿತು. ಅಲ್ಲಿ ಒಂದು ದಾರಿ ಇತ್ತಲ್ಲ!

ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಪ್ರತಿ ವರ್ಷ ಸೇರುವ ವರ್ಲ್ಡ್ ಎಕನಾಮಿಕ್ ಫೋರಂ ಭಾಗ ಇನ್ನೂ ತೆಳು. 1988ರಲ್ಲಿ ಗ್ರೀಸ್ ಮತ್ತು ಟರ್ಕಿ ಪ್ರಧಾನಿಗಳು ಅಲ್ಲಿ ಮಾಡಿದ ಘೋಷಣೆ ಮಾತ್ರ ಸೇರಿಸಿದ್ದೇನೆ.

ಮುಂದಿನದು ನಮ್ಮ ಕಡೆಯ ಚುಕ್ಕೆಗಳು. ಭಾರತ, ಪಾಕಿಸ್ತಾನದ ನಿವೃತ್ತ ಅಧಿಕಾರಿಗಳು 1991ರಿಂದ ಸೇರಿದ ನೀಮ್ರಾಣಾ ಮಾತುಕತೆ ಒಂದು. ದೆಹಲಿಯಲ್ಲಿ 2016ರಿಂದ ನಡೆಯುವ ವಿದೇಶಾಂಗ ನೀತಿ ಸಮ್ಮೇಳನ ರೈಸಿನಾ ಡೈಲಾಗ್ ಇನ್ನೊಂದು. ನಮ್ಮ ಬೆಂಗಳೂರಿನದ್ದೇ ಒಂದಿದೆ: ಐಐಎಸ್‌ಸಿ ಆವರಣದ ನಿಯಾಸ್, ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್. 1988ರಲ್ಲಿ ಶುರುವಾದ ಈ ಸಂಸ್ಥೆಯ ಮೊದಲ ನಿರ್ದೇಶಕರು ಅಣು ವಿಜ್ಞಾನಿ ರಾಜಾ ರಾಮಣ್ಣ. ಅಮೆರಿಕದ ವಿಜ್ಞಾನ ಅಕಾಡೆಮಿಯ ತಜ್ಞರ ಜೊತೆ ಅಣ್ವಸ್ತ್ರ ನಿಯಂತ್ರಣದ ಬಗ್ಗೆ ಇಲ್ಲಿಯವರು ಮಾತುಕತೆ ನಡೆಸಿದ್ದಾರೆ. ಮಲ್ಲೇಶ್ವರದಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ನೀಲಿ ಗೆರೆ ಸಿಗಬಹುದು. ಭಾರತ, ಅಮೆರಿಕ ಅಣು ಒಪ್ಪಂದ 2008ರದ್ದು. ಅದಕ್ಕೂ ಈ ಮಾತುಕತೆಗೂ ನಂಟಿದೆಯೇ ಅಂತ ಮೊದಲು ಹುಡುಕುತ್ತೇನೆ. ದಾಖಲೆ ಸಿಗುವವರೆಗೆ ಅಲ್ಲಿ ಪೆನ್ಸಿಲ್ ಮಾತ್ರ.