ರವಾನ್ ಕಾಯುವ ಹೊತ್ತು: ಮಾರಿಷಸ್‌ನೊಳಗಿನ ಆಫ್ರಿಕಾ

ಮಾರಿಷಸ್‌ಗೆ ಹೋದ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಗಂಗಾ ತಲಾವ್, ಏಳು ಬಣ್ಣದ ಮಣ್ಣು, ಕಡಲು, ಕೊನೆಯ ರಾತ್ರಿ ರೆಸಾರ್ಟಿನ ಊಟದ ಜೊತೆ ಸೆಗಾ ಕುಣಿತ. ಜನಸಂಖ್ಯೆಯಲ್ಲಿ ಭಾರತೀಯ ಮೂಲದವರೇ ಹೆಚ್ಚಿರುವುದರಿಂದ ಊರೇ ಪರಿಚಯದ್ದು ಅನ್ನಿಸಿಬಿಡುತ್ತದೆ. ಆದರೆ ಹಿಂದೂ, ಮುಸ್ಲಿಂ, ಚೀನೀ ಎನ್ನದೆ ಅಲ್ಲಿ ಎಲ್ಲರೂ ಆಡುವ ಕ್ರಿಯೋಲ್ ಭಾಷೆ ಹುಟ್ಟಿದ್ದು ಫ್ರೆಂಚ್ ಯಜಮಾನರ ಮತ್ತು ಗುಲಾಮರ ನಡುವೆ. ಅದರ ಜಾಡು ಹಿಡಿದು ನೋಡುವುದಕ್ಕೆ ಮೂರು ದಿನವಾದರೂ ಬೇಕು.

ಶುರು ಮಾಡಬೇಕಾದದ್ದು ಪೋರ್ಟ್ ಲೂಯಿ ಬಂದರಿನಿಂದ. ಕೂಲಿಗಳಾಗಿ ಬಂದ ಭಾರತೀಯರು ಇಳಿದ ಆಪ್ರವಾಸಿ ಘಾಟ್‌ಗೆ ಎಲ್ಲರೂ ಹೋಗುತ್ತಾರೆ. ಅದರ ಪಕ್ಕದಲ್ಲೇ, ಫ್ರೆಂಚರ ಕಾಲದ ಸೈನಿಕ ಆಸ್ಪತ್ರೆಯ ಕಲ್ಲಿನ ಕಟ್ಟಡದಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯವಿದೆ. ಮೊದಲು ಇದನ್ನು ನೋಡಿ, ಆಮೇಲೆ ಘಾಟ್‌ಗೆ ಹೋಗಿ. ಫ್ರೆಂಚರ ನಂತರ ಬಂದ ಬ್ರಿಟಿಷರ ಆಳ್ವಿಕೆಯಲ್ಲಿ, 1835ರ ಫೆಬ್ರುವರಿ 1ರಂದು ಗುಲಾಮಗಿರಿ ರದ್ದಾಯಿತು. ಕಬ್ಬಿನ ಗದ್ದೆಗೆ ಆಳು ಸಾಲದೆ ಹೋಗುತ್ತದೆಂದು 1834ರಿಂದಲೇ ನಮ್ಮವರನ್ನು ಹಡಗು ಹತ್ತಿಸಿದ್ದರು. ತಿರುವುಮುರುವಾಗಿ ನೋಡಿದರೆ ಈ ಕೊಂಡಿ ಕೈತಪ್ಪುತ್ತದೆ. ಬಿಡುಗಡೆಯ ಲೆಕ್ಕಾಚಾರವನ್ನೂ ಗಮನಿಸಿ: ಯಜಮಾನರಿಗೆ ಸುಮಾರು 20 ಲಕ್ಷ ಪೌಂಡ್ ಪರಿಹಾರ, ಬಿಡುಗಡೆಯಾದ 60 ಸಾವಿರಕ್ಕೂ ಹೆಚ್ಚು ಜನರಿಗೆ ಬಿಡಿಗಾಸೂ ಇಲ್ಲ, ಮೇಲೆ 1839ರವರೆಗೆ ಹಳೆಯ ಯಜಮಾನರ ಹತ್ತಿರವೇ ‘ತರಬೇತಿ’ಯ ಹೆಸರಿನ ದುಡಿಮೆ.

ಗುಲಾಮರಲ್ಲಿ ಬಹುಪಾಲು ಮಡಗಾಸ್ಕರ್ ಮತ್ತು ಮೊಜಾಂಬಿಕ್ ಕರಾವಳಿಯವರು. ಒಂದಿಷ್ಟು ಭಾರತೀಯರೂ ಇದ್ದರು. ಕೂಲಿಗಳಿಗಿಂತ ನೂರು ವರ್ಷ ಮುಂಚೆಯೇ ಬಂದಿದ್ದವರು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರನ್ನು ಪೋರ್ಚುಗೀಸರು ಗೋವೆಗೆ ತಂದದ್ದೂ ಆಫ್ರಿಕದ ಇದೇ ಪೂರ್ವ ಕರಾವಳಿಯಿಂದ.

ಎರಡನೆಯ ದಿನ ನೈಋತ್ಯ ಮೂಲೆಯ ಲೆ ಮೋರ್ನ್ ಬೆಟ್ಟಕ್ಕೆ. ಎತ್ತರ 556 ಮೀಟರ್. 2008ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಓಡಿಹೋದ ಗುಲಾಮರು ಅಡಗಿದ್ದ ಬೆಟ್ಟವಿದು. 1723ರ ಫ್ರೆಂಚ್ ಕಾಯಿದೆಯಂತೆ ಒಂದು ತಿಂಗಳು ತಲೆಮರೆಸಿಕೊಂಡು ಸಿಕ್ಕಿಬಿದ್ದವನ ಕಿವಿ ಕತ್ತರಿಸಿ ಭುಜಕ್ಕೆ ಬರೆ, ಎರಡನೆಯ ಸಲಕ್ಕೆ ಮೊಣಕಾಲ ಹಿಂದಿನ ಸ್ನಾಯು ಕಡಿತ, ಮೂರನೆಯದಕ್ಕೆ ಸಾವು. ಬಿಡುಗಡೆಯ ಸುದ್ದಿ ಹೇಳಲು ಮೇಲೆ ಬಂದ ಪೊಲೀಸರನ್ನು ಕಂಡು, ಹಿಡಿಯಲು ಬಂದರೆಂದು ತಿಳಿದು ಜನ ಬಂಡೆಯಿಂದ ಹಾರಿದರು ಎಂಬುದು ಬಾಯಿಂದ ಬಾಯಿಗೆ ಬಂದ ಕಥೆ. ಕಾಗದದ ಸಾಕ್ಷಿ ಕೇಳುವವರಿಗೆ ಅದು ಸಾಲದು. ಆದರೆ ಆ ಕಾಯಿದೆಯನ್ನು ಓದಿದವರಿಗೆ ಕಥೆ ಅಸಹಜ ಅನ್ನಿಸುವುದಿಲ್ಲ.

ಹತ್ತಿ ಇಳಿಯಲು 3ರಿಂದ 4 ಗಂಟೆ. ಗೇಟು ತೆರೆಯುವ ಹೊತ್ತಿಗೇ ಹೊರಡಿ, ತಲೆಗೆ 2 ಲೀಟರ್ ನೀರು ಇರಲಿ. ಅರ್ಧದಾರಿ ಅಗಲವಾದ ಮಣ್ಣುರಸ್ತೆ, ಮಕ್ಕಳೂ ನಡೆಯಬಹುದು. ಮೇಲಿನದು ಕೈಯೂರಿ ಹತ್ತಬೇಕಾದ ಕರಿಕಲ್ಲು. ಹೆಚ್ಚಿನವರು ಎಡವಟ್ಟು ಮಾಡಿಕೊಳ್ಳುವುದು ಹತ್ತುವಾಗಲ್ಲ, ಇಳಿಯುವಾಗ: ಹಿಂದಿನ ರಾತ್ರಿ ಮಳೆಯಾಗಿದ್ದರೆ ಕಲ್ಲು ಜಾರುತ್ತದೆ, ಚಪ್ಪಲಿ ಹಾಕಿಕೊಂಡು ಬಂದವರು ಕೂತುಕೊಂಡೇ ಇಳಿಯಬೇಕಾಗುತ್ತದೆ. ದಾರಿ ಕಬ್ಬಿಣದ ಶಿಲುಬೆಯ ಹತ್ತಿರ ಮುಗಿಯುತ್ತದೆ. ನಿಜವಾದ ತುದಿ ಅದಲ್ಲ, ಆದರೆ ಅದರಾಚೆಗೆ ಹೋಗುವುದು ಬೇಡ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಮೇನಿಂದ ಅಕ್ಟೋಬರ್ ಒಳ್ಳೆಯದು. ಫೆಬ್ರುವರಿ 1ಕ್ಕೇ ಹೋಗುವುದಾದರೆ ಹವೆಯ ಪಾಡು ಏನೇ ಇರಲಿ, ಬೆಟ್ಟದ ಬುಡದ ಸ್ಮಾರಕದಲ್ಲಿ ನಡೆಯುವ ಸ್ಮರಣೆಯನ್ನು ತಪ್ಪಿಸಿಕೊಳ್ಳಬೇಡಿ.

ಮರಗೆಣಸಿನ ಬಿಸ್ಕತ್ತನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬಹುದು, ಏಕೆಂದರೆ ಅದನ್ನು ಮಾಡುವ ಮಾಹೆಬೂರ್ ಎಂಬ ಊರು ವಿಮಾನ ನಿಲ್ದಾಣಕ್ಕೆ ಹತ್ತಿರ. ಗುಲಾಮರ ಹೊಟ್ಟೆಗೆಂದು ಫ್ರೆಂಚ್ ಗವರ್ನರ್ ಲಾ ಬೂರ್ದೊನೆ ನೆಡಿಸಿದ ಗೆಡ್ಡೆ ಮರಗೆಣಸು. ರೋ ಕುಟುಂಬ 1870ರಿಂದ ಅದರಲ್ಲಿ ಬಿಸ್ಕತ್ತು ಮಾಡುತ್ತಿದೆ: ಸಿಪ್ಪೆ ಸುಲಿದು, ತುರಿದು, ಹಿಂಡಿ, ಒಣಗಿಸಿ, ಜರಡಿ ಹಿಡಿದು, ಕಾದ ಹಂಚಿನ ಮೇಲೆ ಬೇಯಿಸುತ್ತಾರೆ. ಶನಿವಾರ, ಭಾನುವಾರ ನಂಬಿಕೊಂಡು ಹೋಗಬೇಡಿ.

ಇನ್ನು ಗುಲಾಮರ ನಡುವೆ ಹುಟ್ಟಿದ ಹಾಡು-ಕುಣಿತ ಸೆಗಾ. ರೆಸಾರ್ಟಿನದು ಕೀಬೋರ್ಡು, ಗಿಟಾರು ಸೇರಿದ ಅರ್ಧ ಗಂಟೆಯ ಪ್ರದರ್ಶನ, ಕೆಟ್ಟದ್ದೇನಲ್ಲ, ತೆಳುವಷ್ಟೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ‘ಸೆಗಾ ಟಿಪಿಕ್’ಗೆ ಮೂರೇ ವಾದ್ಯ. ರವಾನ್: ಬಾಗಿಸಿದ ಮರದ ಬಳೆಗೆ ಮೇಕೆಯ ಚರ್ಮ ಬಿಗಿದದ್ದು. ಮರವಾನ್: ಕಬ್ಬಿನ ಹೂದಂಟುಗಳನ್ನು ಜೋಡಿಸಿ ಕಟ್ಟಿದ ಚಪ್ಪಟೆ ಪೆಟ್ಟಿಗೆ, ಒಳಗೆ ಬೀಜ, ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತಾರೆ. ಮೂರನೆಯದು ತ್ರಿಕೋನದ ಕಬ್ಬಿಣ. ತಾಳ ಆರು ಎಣಿಕೆಯದು. ಕುಣಿಯುವವರ ಪಾದ ನೆಲ ಬಿಡುವುದಿಲ್ಲ, ಸರಿಯುತ್ತದೆ, ಆಟವೆಲ್ಲ ಸೊಂಟದ್ದು. ಕಾಲಿಗೆ ಸರಪಳಿಯಿದ್ದ ಕಾರಣಕ್ಕೆ ಹೀಗೆ ಎಂದು ಗೈಡುಗಳು ಹೇಳುತ್ತಾರೆ. ಮರಳಿನ ಮೇಲೆ ಕುಣಿದು ನೋಡಿದರೆ ಬೇರೆ ಕಾರಣವೂ ಹೊಳೆಯುತ್ತದೆ.

ನಿಜವಾದದ್ದನ್ನು ಗುರುತಿಸುವ ಸುಲಭದ ದಾರಿ ಬೆಂಕಿ. ಕಡಲ ತೇವಕ್ಕೆ ಮೇಕೆಯ ಚರ್ಮ ಸಡಿಲವಾಗಿ ದನಿ ಮಂಕಾಗುತ್ತದೆ, ನಮ್ಮ ತಮಟೆಯ ಹಾಗೆಯೇ. ಒಣಸೊಪ್ಪಿನ ಉರಿಗೆ ಹಿಡಿದು, ತಿರುಗಿಸುತ್ತ, ಬೆರಳಿನಿಂದ ತಟ್ಟಿ ನೋಡುತ್ತ ಕಾಯಿಸುತ್ತಾರೆ. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ಚರ್ಮ ಸೀಳುತ್ತದೆ. ಪ್ಲಾಸ್ಟಿಕ್ ಹಾಳೆಯ ರವಾನ್‌ಗೆ ಈ ಗೊಡವೆಯೇ ಇಲ್ಲ, ಹೋಟೆಲುಗಳಿಗೆ ಅದೇ ಅನುಕೂಲ. ಭಾನುವಾರ ಸಂಜೆ ಸಾರ್ವಜನಿಕ ಕಡಲತೀರದಲ್ಲಿ ಬೆಂಕಿಯ ಸುತ್ತ ಕುಟುಂಬವೊಂದು ರವಾನ್ ಹಿಡಿದು ಕೂತಿದ್ದರೆ ‘ಕಿ ಮನ್ಯೇರ್?’ ಎಂದು ಕ್ಷೇಮ ಕೇಳಿ, ಕೂರಬಹುದೇ ಎಂದು ಕೇಳಿ ಕೂತುಕೊಳ್ಳಿ. ಕೇಳದೆ ವಿಡಿಯೊ ತೆಗೆಯಬೇಡಿ. ನಾಲ್ಕಾರು ಹಾಡಾದ ಮೇಲೆ ಬಾರಿಸುವವರು ಎದ್ದು ಉರಿಯತ್ತ ಹೋದರೆ ಮುಗಿಯಿತೆಂದು ಹೊರಡಬೇಡಿ, ಚರ್ಮ ಕಾಯಿಸಲು ಹೋಗಿದ್ದಾರೆ.