ಶನಿವಾರದ ಬಸ್ಸು, ಅಮ್ಮೋನ ಆಲಿವ್ ಮರಗಳು

ಜೆರುಸಲೇಮಿನಿಂದ ಊರಿಗೆ ಫೋನ್ ಮಾಡಿದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಈಗ ಬಾಂಬ್ ಬೀಳ್ತಾ ಉಂಟಾ?" ಬಿದ್ದಾಗ ಹೌದು ಅಂದಿದ್ದೇನೆ. ಸೈರನ್ ಕೂಗಿದ ಕೂಡಲೇ ನಾನು ನೋಡಿಕೊಳ್ಳುವ ಅಜ್ಜಿ ಸಾವ್ತಾ ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಕೆಳಗಿನ ಶೆಲ್ಟರಿಗೆ ಓಡಿದ್ದು ಎಷ್ಟು ಸಲವೋ. ಆದರೆ ಬಾಂಬ್ ಇಲ್ಲದ ದಿನಗಳಲ್ಲಿ, ಇಲ್ಲಿಂದ ಹತ್ತೇ ಕಿಲೋಮೀಟರ್ ದೂರದ ಗುಡ್ಡದ ಆಚೆ ಮಗ್ಗುಲಲ್ಲಿ ಏನು ನಡೆಯುತ್ತದೆ ಅಂತ ಈ ಎಂಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಇವತ್ತು ಹೇಳುತ್ತೇನೆ.

ನಾನು ಕಾರ್ಕಳದ ಕಡೆಯವಳು. ಜೆರುಸಲೇಮಿನಲ್ಲಿ ಕೇರ್‌ಗಿವರ್ ಕೆಲಸ. ಮಂಗಳೂರು, ಉಡುಪಿ ಕಡೆಯವರಿಗೆ ಇದೇನು ಹೊಸತಲ್ಲ, ನಮ್ಮ ಇಗರ್ಜಿಯ ಒಂದೇ ವಾರ್ಡಿನಿಂದ ನಾಲ್ಕು ಮನೆಯವರು ಇಲ್ಲಿದ್ದೇವೆ. ಸಾವ್ತಾ ಅಂದರೆ ಹೀಬ್ರೂವಿನಲ್ಲಿ ಅಜ್ಜಿ. ನಾನು ನೋಡಿಕೊಳ್ಳುವ ಅಜ್ಜಿಗೆ 91 ವರ್ಷ. ಹುಟ್ಟಿದ್ದು ಬಾಗ್ದಾದಿನಲ್ಲಿ. 1951ರಲ್ಲಿ ಇರಾಕಿನ ಯಹೂದಿಗಳಲ್ಲಿ ಹೆಚ್ಚಿನವರು ಊರು ಬಿಟ್ಟಾಗ ಮನೆ, ಅಂಗಡಿ ಎಲ್ಲ ಅಲ್ಲೇ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ವಿಮಾನ ಹತ್ತಿದವರು. ಈಗಲೂ ನಿದ್ದೆಯಲ್ಲಿ ಅರಬಿಯಲ್ಲೇ ಮಾತಾಡುತ್ತಾರೆ. ಕೆಟ್ಟವರೂ ಒಳ್ಳೆಯವರೂ ಬೇರೆ ಬೇರೆ ಓಣಿಯಲ್ಲಿ ಇರುತ್ತಾರೆ ಅಂತ ನಂಬಿದವರು ಈ ದೇಶಕ್ಕೆ ಬಂದರೆ ತಲೆ ಕೆಡುತ್ತದೆ.

ನನಗೆ ರಜೆ ಶನಿವಾರ. ಅವತ್ತು ಸಬ್ಬತ್, ಯಹೂದಿ ಜೆರುಸಲೇಮಿನಲ್ಲಿ ಒಂದು ಬಸ್ಸೂ ಓಡುವುದಿಲ್ಲ. ದಮಾಸ್ಕಸ್ ಗೇಟಿನ ಹತ್ತಿರ ಹೋದರೆ ಮಾತ್ರ ಅರಬರ ಬಸ್ಸು ಸಿಗುತ್ತದೆ. ಬೆತ್ಲೆಹೇಮ್ ಇರುವುದು ಪಶ್ಚಿಮ ದಂಡೆಯಲ್ಲಿ, ಅಂದರೆ 1967ರ ಯುದ್ಧದಿಂದ ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ತೀನಿಯರ ನೆಲದಲ್ಲಿ. ಅಲ್ಲಿಗೆ ನಾನು ಮೊದಲು ಹೋದದ್ದು ಪೂಜೆಗೆ, ಆಮೇಲೆ ಹೋದದ್ದು ಆಲಿವ್ ಕೊಯ್ಲಿಗೆ.

ಬಸ್ಸಿನ ಕತೆ ಮೊದಲು. ಹೋಗುವಾಗ ಯಾರೂ ತಡೆಯುವುದಿಲ್ಲ. ಬರುವಾಗ ಚೆಕ್‌ಪಾಯಿಂಟಿನಲ್ಲಿ ಬಸ್ಸು ನಿಲ್ಲುತ್ತದೆ. ಯಾರೂ ಏನೂ ಹೇಳುವುದಿಲ್ಲ, ಪ್ಯಾಲೆಸ್ತೀನಿಯರು ತಾವಾಗಿಯೇ ಎದ್ದು ಇಳಿದು ಸಾಲು ನಿಲ್ಲುತ್ತಾರೆ. ನಾನೂ ಎದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ಹಿಡಿದು ಕೂರಿಸಿದಳು, "ನೀನು ಕೂತ್ಕೋ, ನೀನು ವಿದೇಶಿ." ಮಳೆ ಹನಿಯುತ್ತಿತ್ತು. ಈ ಗುಡ್ಡದಲ್ಲೇ ಹುಟ್ಟಿದವರು ಹೊರಗೆ ನೆನೆಯುತ್ತಾ ಕಾರ್ಡು ತೋರಿಸುತ್ತಿದ್ದರು, ಕಾರ್ಕಳದವಳು ಒಳಗೆ ಬೆಚ್ಚಗೆ ಕೂತಿದ್ದೆ. ಹತ್ತೊಂಬತ್ತು ವರ್ಷವೂ ತುಂಬದಂತಿದ್ದ ಸೈನಿಕನೊಬ್ಬ ಹತ್ತಿ ಬಂದು ನನ್ನ ಪಾಸ್‌ಪೋರ್ಟ್ ನೋಡಿ, "ಇಂಡಿಯಾ! ಗೋವಾ!" ಅಂತ ನಕ್ಕ. ನಾನೂ ನಕ್ಕೆ. ಆ ನಗು ನನಗೆ ಇನ್ನೂ ಕಸಿವಿಸಿ.

ಕೊಯ್ಲಿಗೆ ಕರೆದದ್ದು ಇಗರ್ಜಿಯಲ್ಲಿ ಪರಿಚಯವಾದ ಒಬ್ಬರ ನೆರೆಯವರು. ಹಳ್ಳಿ ಬೆತ್ಲೆಹೇಮಿನ ಪಶ್ಚಿಮಕ್ಕಿದೆ. ಹೆಸರು ಬರೆದರೆ ಮನೆ ಗುರುತಾಗುತ್ತದೆ, ಬೇಡ. ಮನೆಯ ಯಜಮಾನರನ್ನು ಎಲ್ಲರೂ "ಅಮ್ಮೋ" ಅನ್ನುತ್ತಾರೆ. ಅರಬಿಯಲ್ಲಿ ಹಾಗೆಂದರೆ ಚಿಕ್ಕಪ್ಪ, ನಮ್ಮ ಕಿವಿಗೆ ಅಮ್ಮ. ಮೀಸೆ ಹೊತ್ತ ಗಂಡಸನ್ನು ಹಾಗೆ ಕರೆಯುವಾಗ ಮೊದಮೊದಲು ನಗು ಬರುತ್ತಿತ್ತು. ನಾವಿಬ್ಬರೂ ಮಾತಾಡುವುದು ಹೀಬ್ರೂವಿನಲ್ಲಿ. ಅವರು ಜೆರುಸಲೇಮಿನ ಕಟ್ಟಡಗಳಲ್ಲಿ ಇಪ್ಪತ್ತು ವರ್ಷ ಟೈಲ್ಸ್ ಹಾಕಿ ಕಲಿತದ್ದು, ನಾನು ಅಜ್ಜಿಗೆ ಸ್ನಾನ ಮಾಡಿಸುತ್ತಾ ಕಲಿತದ್ದು.

ನೆಲ ನೋಡಿದಾಗ ನಮ್ಮ ಬೆಟ್ಟು ಗದ್ದೆಗಳೇ ನೆನಪಾದವು. ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಮೆಟ್ಟಿಲಾದ ಹುಣಿ, ಒಂದೊಂದರ ಮೇಲೂ ನಾಲ್ಕೈದು ಮರ. ಪಕ್ಕದ ಬತ್ತೀರ್ ಎಂಬ ಊರಿನ ಇಂಥದೇ ಹುಣಿಗಳಿಗೆ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ. ಅಲ್ಲಿ ಒರತೆಯ ನೀರನ್ನು ಎಂಟು ಮನೆತನಗಳು ದಿನಕ್ಕೊಬ್ಬರಂತೆ ಹಂಚಿಕೊಳ್ಳುತ್ತವೆ, ಹಾಗಾಗಿ ಬತ್ತೀರಿನಲ್ಲಿ ವಾರಕ್ಕೆ ಎಂಟು ದಿನ ಅಂತ ತಮಾಷೆ ಮಾಡುತ್ತಾರೆ. ಮರದ ಕೆಳಗೆ ಟಾರ್ಪಾಲು ಹಾಸಿ, ಮಕ್ಕಳ ಆಟದ ಸಾಮಾನಿನಂಥ ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಕೊಂಬೆ ಬಾಚಿದರೆ ಕಾಯಿ ಆಲಿಕಲ್ಲಿನ ಹಾಗೆ ಉದುರುತ್ತದೆ. ನಾನು ಕೋಲಿನಲ್ಲಿ ಬಡಿಯಲು ಹೋಗಿ ಬೈಸಿಕೊಂಡೆ, ಬಡಿದರೆ ಮುಂದಿನ ವರ್ಷದ ಚಿಗುರು ಮುರಿಯುತ್ತದಂತೆ. ನಾಲ್ಕೈದು ಕಿಲೋ ಕಾಯಿಗೆ ಒಂದು ಲೀಟರ್ ಎಣ್ಣೆ.

ಇಷ್ಟೆಲ್ಲ ಕೆಳಗಿನ ಮರಗಳದ್ದು. ಮೇಲಿನ ಹುಣಿಗಳಿಗೆ ಅಮ್ಮೋ ತನಗೆ ಬೇಕಾದಾಗ ಹೋಗುವಂತಿಲ್ಲ. 1995ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿ ನಾಯಕರು ಮಾಡಿಕೊಂಡ ಎರಡನೇ ಓಸ್ಲೋ ಒಪ್ಪಂದದಲ್ಲಿ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಅಂತ ಮೂರು ತುಂಡು ಮಾಡಿದರು. ನೂರರಲ್ಲಿ ಸುಮಾರು 60 ಭಾಗ 'ಸಿ', ಅಲ್ಲಿ ಪೂರ್ತಿ ಇಸ್ರೇಲ್ ಸೇನೆಯದೇ ಆಡಳಿತ. ಐದು ವರ್ಷದ ವ್ಯವಸ್ಥೆ ಅಂದದ್ದು ಮೂವತ್ತು ವರ್ಷವಾದರೂ ಹಾಗೇ ಇದೆ. ಅಮ್ಮೋನ ಮನೆ ಊರಾಡಳಿತ ಪ್ಯಾಲೆಸ್ತೀನಿಯರ ಕೈಯಲ್ಲಿರುವ 'ಬಿ'ಯಲ್ಲಿ, ಮೇಲಿನ ಮರಗಳು 'ಸಿ'ಯಲ್ಲಿ. ಗುಡ್ಡದ ತುದಿಯಲ್ಲಿ ಎರಡು ಕ್ಯಾರವಾನ್, ಒಂದು ಮೇಕೆ ದೊಡ್ಡಿ, ಒಂದು ಬಾವುಟ. ವಸಾಹತುಗಾರರು, ಅಂದರೆ ಈ ನೆಲಕ್ಕೆ ಬಂದು ನೆಲೆಸಿದ ಇಸ್ರೇಲಿಗಳು, ಹಾಕಿಕೊಂಡ ಬಿಡಾರ ಅದು. ಇಸ್ರೇಲಿನದೇ ಕಾನೂನಿನಲ್ಲೂ ಅದಕ್ಕೆ ಪರವಾನಗಿ ಇಲ್ಲ. ಆದರೂ ನೀರು, ಕರೆಂಟು, ಕಾವಲು ಎಲ್ಲ ಇದೆ. ಅದರ ಹತ್ತಿರದ ಮರ ಕೊಯ್ಯಬೇಕಾದರೆ ಸೇನೆಯಿಂದ 'ತನ್ಸೀಕ್' ಬರಬೇಕು, ಅಂದರೆ ಇಂಥ ದಿನ ಬಾ ಅನ್ನುವ ಅಪ್ಪಣೆ. ವರ್ಷಕ್ಕೆ ಎರಡು ದಿನ ಸಿಕ್ಕಿದರೆ ಪುಣ್ಯ.

ನನ್ನ ಅಜ್ಜ ಗೇಣಿ ಒಕ್ಕಲು. 1974ರ ತಿದ್ದುಪಡಿಯ ನಂತರ ಫಾರಂ ನಂಬರ್ 7 ಹಾಕಿ ಒಂದೂವರೆ ಎಕರೆ ಪಡೆದವರು. ಉಳುಮೆ ಮಾಡಿದ್ದಕ್ಕೆ ನೆಲ ಸಿಕ್ಕಿತು, ಆ ಡಿಕ್ಲರೇಶನ್ ಗದ್ದೆಯ ಅನ್ನ ತಿಂದೇ ನಾನು ಬೆಳೆದದ್ದು. ಅಮ್ಮೋನ ಗುಡ್ಡದಲ್ಲಿಯೂ ಉಳುಮೆಯದ್ದೇ ಕಾನೂನು, ಆದರೆ ತಿರುಗಾಮುರುಗಾ. ತುರ್ಕಿ ಸುಲ್ತಾನರ ಕಾಲದ 1858ರ ಭೂಕಾಯ್ದೆಯ ಪ್ರಕಾರ ಸತತ ಮೂರು ವರ್ಷ ಸಾಗುವಳಿ ಇಲ್ಲದೆ ಬಿದ್ದ ಇಂಥ ನೆಲ ಸರ್ಕಾರಕ್ಕೆ ಹೋಗಬಹುದು. ಸೇನೆಯ ಅಗತ್ಯ ಅಂತ ಹೇಳಿ ಖಾಸಗಿ ಜಮೀನಿನಲ್ಲಿ ವಸಾಹತು ಕಟ್ಟುವುದಕ್ಕೆ 1979ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ತಡೆ ಹಾಕಿತು. ಆಮೇಲೆ ಈ ಹಳೆಯ ಕಾಯ್ದೆಯನ್ನು ಧೂಳು ಕೊಡವಿ ಎತ್ತಿಕೊಂಡರು. 1967ರ ನಂತರ ಜಮೀನು ನೋಂದಣಿಯನ್ನೂ ನಿಲ್ಲಿಸಿದ್ದರಿಂದ ಬಹಳ ಮಂದಿಯ ಹತ್ತಿರ ಹಳೆಯ ತೆರಿಗೆ ರಸೀದಿ ಬಿಟ್ಟರೆ ಪಹಣಿಯಂಥದ್ದು ಏನೂ ಇಲ್ಲ. ಈಗ ಲೆಕ್ಕ ಹಾಕಿ ನೋಡಿ: ಮೂರು ವರ್ಷ ಹೊಲಕ್ಕೆ ಕಾಲಿಡದ ಹಾಗೆ ಹೆದರಿಸಿದರೆ ಸಾಕು. ಕಲ್ಲು ಹೊಡೆಯುವ, ಮರ ಕಡಿಯುವ ಗಲಾಟೆಯನ್ನು ನಾನು ಪುಂಡರ ಪುಂಡಾಟ ಅಂದುಕೊಂಡಿದ್ದೆ. ಅದರ ಹಿಂದೆ ಈ ಮೂರು ವರ್ಷದ ಲೆಕ್ಕ ಇದೆ ಅಂತ ಅರ್ಥವಾದದ್ದು ಅಮ್ಮೋ ತಮ್ಮ ರಸೀದಿಗಳ ತಗಡಿನ ಡಬ್ಬಿ ತೆಗೆದು ತೋರಿಸಿದ ದಿನ.

2024ರ ಅಕ್ಟೋಬರಿನಲ್ಲಿ ನಾನು ಕಣ್ಣಾರೆ ಕಂಡದ್ದು ಇಷ್ಟು. ಬೆಳಿಗ್ಗೆ ಒಂಬತ್ತೂವರೆಗೆ ಏಲಕ್ಕಿ ಹಾಕಿದ ಕಾಫಿ ಕುಡಿಯುತ್ತಿದ್ದೆವು. ಮೇಲಿನಿಂದ ನಾಲ್ವರು ಹುಡುಗರು ಮೇಕೆ ಹೊಡೆದುಕೊಂಡು ಇಳಿದರು. ಮೇಕೆಗಳು ಕೆಳಗಿನ ಕೊಂಬೆಗಳಿಗೆ ಬಾಯಿ ಹಾಕಿದವು. ಒಬ್ಬ ಟಾರ್ಪಾಲಿನ ಮೂಲೆ ಹಿಡಿದೆಳೆದು ಬೆಳಗಿನಿಂದ ಕೊಯ್ದ ಕಾಯಿಯನ್ನೆಲ್ಲ ಇಳಿಜಾರಿಗೆ ಚೆಲ್ಲಿದ. ಅಮ್ಮೋನ ಮಗ ಎದ್ದು ನಿಂತದ್ದೇ ತಡ, ಒಂದು ಕಲ್ಲು ಅವನ ಭುಜಕ್ಕೆ ಬಿತ್ತು. ಹತ್ತು ನಿಮಿಷದಲ್ಲಿ ಜೀಪಿನಲ್ಲಿ ಸೈನಿಕರು ಬಂದಾಗ ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಅಮ್ಮೋ ಮಾತ್ರ ಅವರನ್ನು ನೋಡಿದ ಕೂಡಲೇ ಗೋಣಿ ಕಟ್ಟಲು ಶುರು ಮಾಡಿದ್ದರು. ಅಧಿಕಾರಿ ಒಂದು ಕಾಗದ ತೋರಿಸಿದ: ಈ ಜಾಗ ಇವತ್ತು ಸೇನಾ ನಿಷೇಧಿತ ವಲಯ, ಎಲ್ಲರೂ ಖಾಲಿ ಮಾಡಬೇಕು. ನಾವು ಇಳಿದೆವು. ಮೇಕೆಗಳು ಇಳಿಯಲಿಲ್ಲ. ಜೀಪಿನಲ್ಲಿದ್ದವರಲ್ಲಿ ಒಬ್ಬನನ್ನು ಅಮ್ಮೋನ ಮಗ ಗುರುತು ಹಿಡಿದ, ಹೋದ ವರ್ಷ ಅದೇ ದೊಡ್ಡಿಯಲ್ಲಿ ಮೇಕೆ ಕಾಯುತ್ತಿದ್ದವನಂತೆ. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ವಸಾಹತುಗಾರರನ್ನೇ ಮೀಸಲು ಸೈನಿಕರಾಗಿ ಅವರವರ ಪ್ರದೇಶದ ಕಾವಲಿಗೆ ಹಾಕಿದ್ದಾರೆ.

ದೂರು ಕೊಡಲಿಲ್ಲವಾ ಅಂತ ಕೇಳಿದೆ. ಅಮ್ಮೋ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. ಯೆಶ್ ದಿನ್ ಅನ್ನುವ ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ 2005ರಿಂದ ಇಂಥ ದೂರುಗಳ ಬೆನ್ನು ಹತ್ತಿದೆ. 100ರಲ್ಲಿ 93ಕ್ಕೂ ಹೆಚ್ಚು ತನಿಖೆಗಳು ಆರೋಪಪಟ್ಟಿಯೇ ಇಲ್ಲದೆ ಮುಚ್ಚಿಹೋಗಿವೆ. ಅದೇ ಕಲ್ಲನ್ನು ಅಮ್ಮೋನ ಮಗ ಎಸೆದಿದ್ದರೆ ಅವನು ಮಿಲಿಟರಿ ಕೋರ್ಟಿನಲ್ಲಿ ನಿಲ್ಲಬೇಕಿತ್ತು. ಎಸೆದ ಹುಡುಗನಿಗೆ ಇಸ್ರೇಲಿನ ಮಾಮೂಲಿ ಕೋರ್ಟು. ಒಂದೇ ಗುಡ್ಡ, ಎರಡು ಕಾನೂನು. 2023ರ ಫೆಬ್ರವರಿ 26ರಂದು ಪಶ್ಚಿಮ ದಂಡೆಯ ಹುವಾರಾ ಪಟ್ಟಣದಲ್ಲಿ ಇಬ್ಬರು ಇಸ್ರೇಲಿ ಸಹೋದರರನ್ನು ಗುಂಡಿಟ್ಟು ಕೊಂದ ರಾತ್ರಿ ನೂರಾರು ವಸಾಹತುಗಾರರು ನುಗ್ಗಿ ಮನೆ, ಕಾರುಗಳಿಗೆ ಬೆಂಕಿ ಇಟ್ಟಿದ್ದರು. ಆ ಭಾಗದ ಸೇನಾ ದಂಡನಾಯಕನೇ ಅದನ್ನು ಪೋಗ್ರಮ್ ಅಂದ. ಯಹೂದಿಗಳ ಮೇಲೆ ಯುರೋಪಿನಲ್ಲಿ ನಡೆದ ದಾಳಿಗಳಿಗೆ ಇರುವ ಪದ ಅದು. ಟಿವಿಯಲ್ಲಿ ಆ ಪದ ಕೇಳಿದಾಗ ಸಾವ್ತಾ ರಿಮೋಟ್ ಕೇಳಿ ತೆಗೆದುಕೊಂಡು ತಾವೇ ಟಿವಿ ಆರಿಸಿದರು.

2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದದ್ದನ್ನು ನಾನು ಮರೆತಿಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಆ ವಾರವಿಡೀ ಅಳು ಕೇಳುತ್ತಿತ್ತು. ಆದರೆ ಅಮ್ಮೋನ ಕೆಲಸದ ಪರ್ಮಿಟ್ ರದ್ದಾದದ್ದೂ ಅದೇ ವಾರ. ಅವರ ಹಾಗೇ ದಿನಾ ಚೆಕ್‌ಪಾಯಿಂಟ್ ದಾಟಿ ಕೆಲಸಕ್ಕೆ ಬರುತ್ತಿದ್ದ ಲಕ್ಷಕ್ಕೂ ಹೆಚ್ಚು ಜನರದ್ದು ರದ್ದಾಯಿತು. 2024ರಿಂದ ಆ ಜಾಗಕ್ಕೆ ಉತ್ತರ ಪ್ರದೇಶ, ಹರಿಯಾಣ, ತೆಲಂಗಾಣದಿಂದ ನಮ್ಮವರು ಬಂದಿಳಿದರು. "ನಾನು ಅರ್ಧಕ್ಕೆ ಬಿಟ್ಟ ಬಾತ್‌ರೂಮಿಗೆ ಈಗ ನಿಮ್ಮವರು ಟೈಲ್ಸ್ ಹಾಕ್ತಿದ್ದಾರೆ," ಅಂದರು ಅಮ್ಮೋ. ದನಿಯಲ್ಲಿ ಸಿಟ್ಟಿರಲಿಲ್ಲ. "ಗೋಡೆಯ ಸಂದಿಗೆ ಸರಿಯಾಗಿ ಗ್ರೌಟ್ ಹಾಕಲು ಹೇಳು, ಇಲ್ಲದಿದ್ದರೆ ನೀರು ಇಳಿಯುತ್ತದೆ." ನನ್ನ ಬಾಯಿಂದ ಮಾತು ಹೊರಡಲಿಲ್ಲ.

2025ರಲ್ಲಿ ನಾನು ಹೋಗಲಿಲ್ಲ. ಕೊಯ್ಲಿಗೆ ಬಂದ ವಿದೇಶಿಯರನ್ನು ಹಿಡಿದು ಗಡೀಪಾರು ಮಾಡುತ್ತಿದ್ದರು. ನನ್ನ ವೀಸಾ ಹೋದರೆ ತಮ್ಮನ ಕಾಲೇಜು ಫೀಸೂ ಹೋಗುತ್ತದೆ. ಹೆದರಿದೆ, ಅಷ್ಟೇ. ಆ ಅಕ್ಟೋಬರ್ ಒಂದೇ ತಿಂಗಳಲ್ಲಿ ಪಶ್ಚಿಮ ದಂಡೆಯಲ್ಲಿ ವಸಾಹತುಗಾರರ 260ಕ್ಕೂ ಹೆಚ್ಚು ದಾಳಿಗಳನ್ನು ವಿಶ್ವಸಂಸ್ಥೆ ದಾಖಲಿಸಿತು. 2006ರಲ್ಲಿ ಲೆಕ್ಕ ಇಡಲು ತೊಡಗಿದ ಮೇಲೆ ಯಾವ ತಿಂಗಳಲ್ಲೂ ಅಷ್ಟು ಆಗಿರಲಿಲ್ಲ. ಅಮ್ಮೋನ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ಮೇಲಿನ ಹುಣಿಯ ಹನ್ನೊಂದು ಮರ, ಸೊಂಟದ ಎತ್ತರಕ್ಕೆ ಗರಗಸ ಹಾಕಿದ್ದು. ಕೆಳಗೆ ಒಂದೇ ಸಾಲು: ತನ್ಸೀಕ್ ಬಂತು, ನಾಳೆಗೆ.

ಹಿಂದಿನ ರಜೆಯಲ್ಲಿ ಊರಿಗೆ ಬರುವಾಗ ಅಮ್ಮೋ ಕೊಟ್ಟ ಎರಡು ಲೀಟರ್ ಎಣ್ಣೆ ತಂದಿದ್ದೆ. ಅಮ್ಮ ಅಡುಗೆಗೆ ಹಾಕಲೇ ಇಲ್ಲ, ವಾಸನೆ ಆಗುವುದಿಲ್ಲವಂತೆ. ದಿನಾ ರಾತ್ರಿ ಮಂಡಿಗೆ ಉಜ್ಜಿ ಖಾಲಿ ಮಾಡಿದ್ದಾರೆ. ನೋವು ಎಷ್ಟೋ ಕಡಿಮೆಯಾಗಿದೆಯಂತೆ, ಈ ಸಲವೂ ಎರಡು ಬಾಟ್ಲಿ ತಾ ಅಂತ ನಿನ್ನೆ ಫೋನಿನಲ್ಲಿ ಹೇಳಿದರು. ಆಯಿತು ಅಂದೆ. ಅಮ್ಮೋನ ಮನೆಯವರೇ ಈ ವರ್ಷ ಎಣ್ಣೆ ಕೊಂಡು ತಂದಿದ್ದಾರೆ ಅಂತ ಹೇಳಲಿಲ್ಲ.